ಹೇಳಿದ ಸಿನಿಮಾ, ತೋರಿಸಿದ ಸಿನಿಮಾ

ಹೆಕ್ಟರ್ ಬಾಬೆಂಕೊ ಅವರ ‘ಕಿಸ್ ಆಫ್ ದ ಸ್ಪೈಡರ್ ವುಮನ್’ (1985) ಶುರುವಾಗುವುದು ಜೈಲಿನ ಗೋಡೆ ಮತ್ತು ಒಂದು ದನಿಯಿಂದ. ಸುಂದರಿಯೊಬ್ಬಳನ್ನು ಬಣ್ಣಿಸುತ್ತಿರುವ ಆ ದನಿಯ ಜೊತೆ ಕ್ಯಾಮೆರಾ ಕೋಣೆ ಸುತ್ತಿ ಬಂದ ಮೇಲಷ್ಟೇ ತಲೆಗೆ ಟವೆಲ್ ಕಟ್ಟಿಕೊಂಡ ಮೊಲಿನಾ ಕಾಣಿಸುತ್ತಾನೆ. ಅಂಗಡಿಗಳ ಶೋಕೇಸ್ ಸಿಂಗರಿಸುವ ಕಸುಬಿನವನು, ಸಲಿಂಗಕಾಮಿ. ಕೇಳುತ್ತ ಬಿದ್ದಿರುವ ವ್ಯಾಲೆಂಟಿನ್ ಕ್ರಾಂತಿಕಾರಿ, ಪೊಲೀಸರ ಏಟಿಗೆ ಮೈ ಹಣ್ಣಾದವನು. ಮೊಲಿನಾ ಪ್ರೇಮಕತೆ ಎಂದು ಮೈಮರೆತು ಹೇಳುತ್ತಿರುವುದು ನಾಜಿಗಳ ಪ್ರಚಾರಚಿತ್ರದ ಕತೆ ಎಂದು ಗೊತ್ತಾದಾಗ ವ್ಯಾಲೆಂಟಿನ್ ಸಿಡಿಮಿಡಿಗೊಳ್ಳುತ್ತಾನೆ. ಮೊಲಿನಾಗೆ ಅದೆಲ್ಲ ಬೇಕಿಲ್ಲ. ನಾಯಕಿಯ ಉಡುಪು, ನಡಿಗೆ ಇದ್ದರೆ ಸಾಕು.

ವಿಲಿಯಂ ಹರ್ಟ್‌ಗೆ ಆಸ್ಕರ್ ತಂದುಕೊಟ್ಟ ಪಾತ್ರವಿದು. ಅವರ ಕೈಬೆರಳು, ಎಳೆದಾಡುವ ಮಾತು ಸಾಕಿತ್ತು. ಆದರೆ ಬಾಬೆಂಕೊ ಸುಮ್ಮನಿರದೆ ನಟಿ ಸೋನಿಯಾ ಬ್ರಾಗಾರನ್ನು ಕರೆತಂದು ಆ ಕತೆಯನ್ನು ಮಾಸಲು ಬಣ್ಣದಲ್ಲಿ ತೋರಿಸಿಬಿಡುತ್ತಾರೆ. ಬೇಕೆಂದೇ ಮಾಡಿದ ಅಗ್ಗತನ ಅದು ಎನ್ನುವವರಿದ್ದಾರೆ. ಇರಲಿ, ಮೊಲಿನಾನ ಬಾಯಲ್ಲಿ ಹೊಳೆದ ರೇಷ್ಮೆ ತೆರೆಯ ಮೇಲೆ ಬಾಡಿಗೆ ಬಟ್ಟೆಯಾಗುತ್ತದೆ. ಮಾನ್ವೆಲ್ ಪುಯಿಗ್ ಅವರ ಮೂಲ ಕಾದಂಬರಿ (1976) ಬಹುಪಾಲು ಬರೀ ಮಾತುಕತೆ, ನಿರೂಪಕನೇ ಇಲ್ಲ. ಅಲ್ಲಿ ನಾವೂ ವ್ಯಾಲೆಂಟಿನ್‌ನಂತೆ ಕಿವಿಯಷ್ಟನ್ನೇ ನಂಬಿ ಕೂರಬೇಕು.

ಚಿತ್ರ ಗೆಲ್ಲುವುದು ಕೋಣೆಯೊಳಗೆ. ವಿಷ ಬೆರೆತ ಊಟ ತಿಂದು ವ್ಯಾಲೆಂಟಿನ್‌ಗೆ ಹೊಟ್ಟೆ ಕೆಡುತ್ತದೆ, ಬಟ್ಟೆಯಲ್ಲೇ ಆಗಿಬಿಡುತ್ತದೆ. ಮೊಲಿನಾ ಮುಖ ಸಿಂಡರಿಸದೆ ತೊಳೆದು ಒರೆಸುತ್ತಾನೆ. ವ್ಯಾಲೆಂಟಿನ್ ಪಾತ್ರದ ರೌಲ್ ಜೂಲಿಯಾ ಇಲ್ಲಿ ನಾಚಿಕೆಯಿಂದ ಕುಗ್ಗುವ ರೀತಿ ಇಬ್ಬರ ಮುಂದಿನ ಮುತ್ತಿಗಿಂತ ಹೆಚ್ಚು ಆಪ್ತವಾಗಿದೆ. ಮೊಲಿನಾ ವಾರ್ಡನ್ನನ ಗೂಢಚಾರ ಎನ್ನುವುದು ನಮಗೆ ತಿಳಿಯುತ್ತದೆ. ಅಮ್ಮ ಕೊಟ್ಟಳೆಂದು ತರುವ ಹುರಿದ ಕೋಳಿ, ತಿನಿಸುಗಳ ಪಟ್ಟಿಯನ್ನು ಅವನೇ ಅಧಿಕಾರಿಗಳಿಗೆ ಬರೆಸಿರುತ್ತಾನೆ. ಹಾಗೆಂದು ಆರೈಕೆ ನಟನೆಯಲ್ಲ. ಪ್ರೀತಿ ಯಾವುದು, ಒಳಸಂಚು ಯಾವುದು ಎಂದು ಬಿಡಿಸಿಟ್ಟು ನಮ್ಮನ್ನು ಹಗುರಮಾಡಲು ಚಿತ್ರ ಒಪ್ಪುವುದಿಲ್ಲ.

ಮೊಲಿನಾ ಜೈಲಿನಿಂದ ಹೊರಬಂದ ಮೇಲೆ ಕತೆ ಮಾಮೂಲಿ ಪೊಲೀಸ್ ಬೆನ್ನಟ್ಟುವಿಕೆಗೆ ಇಳಿಯುತ್ತದೆ. ಅವನು ಗುಂಡಿಗೆ ಬಲಿಯಾಗುತ್ತಾನೆ. ಕೊನೆಗೆ ಮತ್ತೆ ಚಿತ್ರಹಿಂಸೆಗೆ ಸಿಕ್ಕ ವ್ಯಾಲೆಂಟಿನ್‌ಗೆ ವೈದ್ಯನೊಬ್ಬ ಮಾರ್ಫಿನ್ ಕೊಡುತ್ತಾನೆ, ಕನಸಲ್ಲಿ ಪ್ರೇಯಸಿ ಮಾರ್ತಾ ಬಂದು ಕಡಲಿಗೆ ಕರೆದೊಯ್ಯುತ್ತಾಳೆ. ಈ ದೃಶ್ಯಕ್ಕೆ ಮಾತ್ರ ನನ್ನ ತಕರಾರಿಲ್ಲ. ಹೇಳುವವನು ಸತ್ತಿದ್ದಾನೆ, ಇನ್ನು ತೋರಿಸದೆ ನಿರ್ದೇಶಕರಿಗೆ ಬೇರೆ ದಾರಿಯಿರಲಿಲ್ಲ.