ಚಂದ್ರನನ್ನು ತಿದ್ದುವ ಕನಸುಗಳು

ಚಂದ್ರನ ಪಾಠ ಮುಗಿಯುವ ಹೊತ್ತಿಗೆ ತರಗತಿಯಲ್ಲಿ ಇಂಥ ಪ್ರಶ್ನೆ ಒಂದಾದರೂ ಬರುತ್ತದೆ: 'ಚಂದ್ರನಲ್ಲಿ ಗಾಳಿ ತುಂಬಿಸಿದರೆ ಅಲ್ಲಿ ಬದುಕಬಹುದಲ್ಲವೇ ಸಾರ್?' 'ಚಂದ್ರನನ್ನು ಒಡೆದುಹಾಕಿದರೆ ಏನಾಗುತ್ತದೆ ಸಾರ್?' ಉಳಿದವರು ನಗುತ್ತಾರೆ. 'ಅದೆಲ್ಲ ಆಗದ ಮಾತು' ಎಂದು ಹೇಳಿ ಶಿಕ್ಷಕರು ಮುಂದಿನ ಪಾಠಕ್ಕೆ ಹೋಗುತ್ತಾರೆ. ಆದರೆ ಇದೇ ಪ್ರಶ್ನೆಗಳನ್ನು ಗಣಿತದ ಪ್ರಾಧ್ಯಾಪಕರು, ದೊಡ್ಡ ನಿರ್ಮಾಣ ಕಂಪನಿ, ಒಂದು ದೇಶದ ವಾಯುಪಡೆ ಕೂಡ ಎತ್ತಿಕೊಂಡದ್ದುಂಟು. 'ಆಗದ ಮಾತು' ಎಂಬುದು ಉತ್ತರವಾಗುವುದಿಲ್ಲ. ಏಕೆ ಆಗದು, ಎಷ್ಟರ ಮಟ್ಟಿಗೆ ಆಗದು ಎಂದು ಲೆಕ್ಕ ಹಾಕಿ ತೋರಿಸಿದಾಗಲೇ ಅದು ವಿಜ್ಞಾನದ ಉತ್ತರ. ಅಂಥ ನಾಲ್ಕು ಯೋಜನೆಗಳನ್ನು ಇಲ್ಲಿ ಪರಿಶೀಲಿಸೋಣ.

ಒಡೆದರೆ ಋತುಗಳು ಹೋಗುತ್ತವೆಯೇ?

ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಗಣಿತಜ್ಞ ಅಲೆಕ್ಸಾಂಡರ್ ಅಬಿಯನ್ 1991ರಲ್ಲಿ ಒಂದು ಸಲಹೆ ಮುಂದಿಟ್ಟರು. ಚಂದ್ರನನ್ನು ಸ್ಫೋಟಿಸಿ ಇಲ್ಲವಾಗಿಸಿದರೆ ಭೂಮಿಯ ಅಕ್ಷದ ವಾಲಿಕೆ ಸರಿಹೋಗುತ್ತದೆ, ಕಡು ಬೇಸಿಗೆ, ಕಡು ಚಳಿ ಇರುವುದಿಲ್ಲ ಎಂಬುದು ಅವರ ವಾದ. ಪತ್ರಿಕೆಗಳು ಇದಕ್ಕೆ ಸಾಕಷ್ಟು ಪ್ರಚಾರ ಕೊಟ್ಟವು.

ಈ ವಾದದ ಬುಡವೇ ಸಡಿಲ. ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ವಾಲಿರುವುದು ಚಂದ್ರ ಅದನ್ನು ಎಳೆದು ಹಿಡಿದಿರುವುದರಿಂದಲ್ಲ. ಚಂದ್ರ ಮತ್ತು ಸೂರ್ಯರ ಎಳೆತದಿಂದ ಆಗುವುದು ಅಯನ ಚಲನೆ. ಅಂದರೆ ಅಕ್ಷದ ತುದಿ ಸುಮಾರು 26,000 ವರ್ಷಗಳಿಗೊಮ್ಮೆ ಬುಗುರಿಯಂತೆ ಸುತ್ತು ಬರುವುದು. ಚಂದ್ರನನ್ನು ತೆಗೆದುಹಾಕಿದ ಮರುದಿನವೂ ವಾಲಿಕೆ ಇದ್ದಷ್ಟೇ ಇರುತ್ತದೆ. ಹಗ್ಗ ಬಿಚ್ಚಿದೊಡನೆ ನೆಟ್ಟಗಾಗಲು ಭೂಮಿಯೇನು ಬಗ್ಗಿಸಿ ಕಟ್ಟಿದ ಬಿದಿರಲ್ಲ. ಬದಲಿಗೆ, ಚಂದ್ರನಿಲ್ಲದ ಭೂಮಿಯ ವಾಲಿಕೆ ದೀರ್ಘಕಾಲದಲ್ಲಿ ಹೆಚ್ಚು ಏರುಪೇರಾಗಬಹುದೆಂದು ಫ್ರಾನ್ಸಿನ ಜಾಕ್ ಲಾಸ್ಕರ್ ಮತ್ತು ಸಂಗಡಿಗರು 1993ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಆ ಏರುಪೇರು ಎಷ್ಟು ದೊಡ್ಡದೆಂಬ ಬಗ್ಗೆ ಮುಂದೆ ಭಿನ್ನಾಭಿಪ್ರಾಯ ಬಂದಿದೆ. ಆದರೆ ಚಂದ್ರ ಹೋದರೆ ಅಕ್ಷ ನೆಟ್ಟಗಾಗುತ್ತದೆಂದು ಯಾವ ಲೆಕ್ಕವೂ ಹೇಳುವುದಿಲ್ಲ. ಋತುಗಳು ಹೋದರೆ ಒಳಿತು ಎಂಬ ಊಹೆಯೂ ಅಷ್ಟೇ ಹಗುರವಾದದ್ದು. ನಮ್ಮ ಮುಂಗಾರು ನಿಂತಿರುವುದೇ ನೆಲ ಮತ್ತು ಕಡಲು ಋತುವಿನೊಂದಿಗೆ ಬೇರೆ ಬೇರೆ ಪ್ರಮಾಣದಲ್ಲಿ ಕಾಯುವುದರ ಮೇಲೆ.

ಇನ್ನು ಶಕ್ತಿಯ ಮಾತು. ಚಂದ್ರನ ಚೂರುಗಳು ಮತ್ತೆ ಕೂಡಿಕೊಳ್ಳದಂತೆ ಚದುರಿಸಲು ಸುಮಾರು 1.2 × 10²⁹ ಜೂಲ್ ಶಕ್ತಿ ಬೇಕು. ಇದು ಚಂದ್ರನ ಗುರುತ್ವ ಬಂಧನ ಶಕ್ತಿ. ದ್ರವ್ಯರಾಶಿ ಮತ್ತು ತ್ರಿಜ್ಯ ಗೊತ್ತಿದ್ದರೆ ಪಿಯುಸಿ ವಿದ್ಯಾರ್ಥಿಗಳೂ ಲೆಕ್ಕ ಮಾಡಬಹುದು. 1961ರಲ್ಲಿ ಸೋವಿಯತ್ ಒಕ್ಕೂಟ ಸ್ಫೋಟಿಸಿದ 50 ಮೆಗಾಟನ್ ಬಾಂಬು ಈವರೆಗಿನ ಅತಿ ದೊಡ್ಡದು. ಅಂಥ ಸುಮಾರು 60,000 ಕೋಟಿ ಬಾಂಬುಗಳು ಬೇಕಾಗುತ್ತವೆ. ಸೂರ್ಯ ಎಲ್ಲ ದಿಕ್ಕುಗಳಿಗೂ ಸೂಸುವ ಒಟ್ಟು ಶಕ್ತಿಯನ್ನೇ ಹಿಡಿದಿಟ್ಟರೂ ಐದು ನಿಮಿಷಕ್ಕಿಂತ ಹೆಚ್ಚು ಕಾಲ ಕೂಡಿಹಾಕಬೇಕು.

ಬಾಂಬಿನ ಬೆಳಕು

ಎರಡನೆಯದು ಕೇವಲ ಮಾತಾಗಿ ಉಳಿಯಲಿಲ್ಲ. 1958ರಲ್ಲಿ ಅಮೆರಿಕದ ವಾಯುಪಡೆ ಚಂದ್ರನ ಮೇಲೆ ಪರಮಾಣು ಬಾಂಬು ಸಿಡಿಸುವ ಬಗ್ಗೆ ಗುಟ್ಟಾಗಿ ಅಧ್ಯಯನ ಮಾಡಿಸಿತು. 'ಎ 119' ಎಂಬ ಈ ಯೋಜನೆಯ ಮುಖ್ಯಸ್ಥ ಲೆನರ್ಡ್ ರೀಫಲ್. ದೂಳಿನ ಮೋಡ ಹೇಗೆ ಹರಡೀತು ಎಂಬ ಲೆಕ್ಕ ಮಾಡಿದವರಲ್ಲಿ ಆಗಿನ್ನೂ ಯುವಕರಾಗಿದ್ದ ಕಾರ್ಲ್ ಸೇಗನ್ ಒಬ್ಬರು. ಭೂಮಿಯಿಂದ ಕಾಣುವಂತೆ ಮಿಂಚಿಸಿ ತನ್ನ ಬಲ ತೋರಿಸುವುದೇ ಇದರ ಮುಖ್ಯ ಉದ್ದೇಶ. ಯೋಜನೆಯನ್ನು ಕೈಬಿಡಲಾಯಿತು. ರೀಫಲ್ ಈ ವಿಷಯವನ್ನು ಬಹಿರಂಗವಾಗಿ ಹೇಳಿದ್ದು 2000ದಲ್ಲಿ.

ಗಾಳಿಯಿಲ್ಲದ ಕಡೆ ಪರಮಾಣು ಸ್ಫೋಟದ ಪರಿಚಿತ ಅಣಬೆ ಮೋಡ ಏಳುವುದಿಲ್ಲ. ದೂಳು ಎಲ್ಲ ಕಡೆಗೂ ಎರಚಿಹೋಗುತ್ತದೆ. ಇಲ್ಲಿ ಶಕ್ತಿಯ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಒಂದು ಪ್ರಶ್ನೆಯದು: ಕ್ಷಣಕಾಲದ ಮಿಂಚಿಗಾಗಿ ಕೋಟ್ಯಂತರ ವರ್ಷಗಳ ನೆಲವನ್ನು ವಿಕಿರಣದಿಂದ ಕೆಡಿಸಬಹುದೇ?

ಭಾರತಕ್ಕಿಂತ ದೊಡ್ಡ ಸೌರಫಲಕ

ಜಪಾನಿನ ಶಿಮಿಜು ನಿರ್ಮಾಣ ಕಂಪನಿಯ 'ಲೂನಾ ರಿಂಗ್' ಯೋಜನೆ ಇನ್ನೂ ಸೊಗಸಾಗಿ ಕಾಣುತ್ತದೆ. ಚಂದ್ರನ ಸಮಭಾಜಕದ ಸುತ್ತ 11,000 ಕಿ.ಮೀ. ಉದ್ದಕ್ಕೆ ಸೌರಕೋಶಗಳ ಪಟ್ಟಿ ಹಾಸಿ, ವಿದ್ಯುತ್ತನ್ನು ಮೈಕ್ರೋವೇವ್ ಮತ್ತು ಲೇಸರ್ ಕಿರಣಗಳ ಮೂಲಕ ಭೂಮಿಗೆ ಕಳಿಸುವುದು. ಪಟ್ಟಿಯ ಅಗಲ 400 ಕಿ.ಮೀ. ತನಕ ಬೆಳೆಯಬಹುದಂತೆ.

ಇದರ ಭೌತವಿಜ್ಞಾನದಲ್ಲಿ ತಪ್ಪಿಲ್ಲ. ಪಟ್ಟಿಯ ಅರ್ಧ ಭಾಗ ಸದಾ ಬಿಸಿಲಿನಲ್ಲಿರುತ್ತದೆ, ಮೋಡದ ಕಾಟವಿಲ್ಲ, ಸೌರಕೋಶಕ್ಕೆ ಬೇಕಾದ ಸಿಲಿಕಾನ್ ಅಲ್ಲಿನ ಮಣ್ಣಿನಲ್ಲೇ ಇದೆ. ತೊಡಕಿರುವುದು ಪ್ರಮಾಣದಲ್ಲಿ. ಪೂರ್ಣ ಅಗಲಕ್ಕೆ ಹಾಸಿದರೆ ಕ್ಷೇತ್ರಫಲ 44 ಲಕ್ಷ ಚದರ ಕಿ.ಮೀ.; ಭಾರತದ್ದು ಸುಮಾರು 33 ಲಕ್ಷ. ಹಗಲು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದು, ರಾತ್ರಿ ಶೂನ್ಯಕ್ಕಿಂತ 170 ಡಿಗ್ರಿ ಕೆಳಗಿಳಿಯುವ ನೆಲದಲ್ಲಿ, ಎಲ್ಲಕ್ಕೂ ಅಂಟಿಕೊಳ್ಳುವ ಚೂಪಾದ ದೂಳಿನ ನಡುವೆ ಇದನ್ನೆಲ್ಲ ಸುಸ್ಥಿತಿಯಲ್ಲಿಡಬೇಕು. ಅಲ್ಲಿ ಈವರೆಗೆ ಒಂದು ಚದರ ಮೀಟರ್ ಫಲಕವನ್ನೂ ಯಾರೂ ತಯಾರಿಸಿಲ್ಲ. ಇನ್ನೊಂದು ಮಾತು: ಅಪೊಲೊ 11 ಇಳಿದ ಜಾಗ ಸಮಭಾಜಕದಿಂದ ಸುಮಾರು 20 ಕಿ.ಮೀ. ದೂರದಲ್ಲಷ್ಟೇ ಇದೆ. 400 ಕಿ.ಮೀ. ಅಗಲದ ಪಟ್ಟಿ ನೇರವಾಗಿ ಹಾಯ್ದರೆ 1969ರ ಮೊದಲ ಹೆಜ್ಜೆಗುರುತುಗಳೂ ಅದರಡಿ ಸೇರಿಹೋಗುತ್ತವೆ.

ಗಾಳಿ ತುಂಬಿಸುವ ಲೆಕ್ಕ

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಭೂಮಿಯಲ್ಲಿ ಪ್ರತಿ ಚದರ ಮೀಟರಿನ ಮೇಲೆ ಸುಮಾರು 10 ಟನ್ ಗಾಳಿ ಇದೆ. ಚಂದ್ರನ ಗುರುತ್ವ ನಮ್ಮದರ ಆರನೇ ಒಂದು ಭಾಗ. ಆದ್ದರಿಂದ ಅಲ್ಲಿ ಇಷ್ಟೇ ಒತ್ತಡ ಬರಬೇಕಾದರೆ ಪ್ರತಿ ಚದರ ಮೀಟರಿಗೆ 60 ಟನ್‌ಗಿಂತ ಹೆಚ್ಚು ಗಾಳಿ ಬೇಕು. ಇದನ್ನು ಚಂದ್ರನ 3.8 ಕೋಟಿ ಚದರ ಕಿ.ಮೀ. ಮೇಲ್ಮೈಗೆ ಗುಣಿಸಿದರೆ, ಭೂಮಿಯ ಒಟ್ಟು ವಾತಾವರಣದ ಹೆಚ್ಚುಕಡಿಮೆ ಅರ್ಧದಷ್ಟಾಗುತ್ತದೆ! ತಂದು ತುಂಬಿಸಿದರೂ ವಿಮೋಚನಾ ವೇಗ ಸೆಕೆಂಡಿಗೆ 2.4 ಕಿ.ಮೀ. ಮಾತ್ರ, ಗಾಳಿ ಸೋರಿಹೋಗುತ್ತಲೇ ಇರುತ್ತದೆ.

ಇಲ್ಲಿಗೇ ನಿಲ್ಲಿಸಿದರೆ ವಿಷಯದ ಅರ್ಧವನ್ನಷ್ಟೇ ಹೇಳಿದಂತೆ. ಚಂದ್ರನ ಸುತ್ತ ಈಗಿರುವ ಅತಿ ವಿರಳ ಅನಿಲಗಳ ಒಟ್ಟು ತೂಕ ಸುಮಾರು 10 ಟನ್ ಎಂದು ಅಂದಾಜು. ಒಂದೊಂದು ಅಪೊಲೊ ಇಳಿದಾಗಲೂ ಹೆಚ್ಚುಕಡಿಮೆ ಅಷ್ಟೇ ಅನಿಲ ಹೊರಬಿದ್ದಿತ್ತು. ಸದ್ಯ ಸೌರ ಮಾರುತ ಮತ್ತು ಬಿಸಿಲು ಇಂಥ ಅನಿಲವನ್ನು ಬೇಗ ಗುಡಿಸಿಹಾಕುತ್ತವೆ. ಆದರೆ ಒಟ್ಟು ಅನಿಲ ಸುಮಾರು ಒಂದು ಲಕ್ಷ ಟನ್ ಮುಟ್ಟಿದರೆ ಆ ಗುಡಿಸುವಿಕೆ ಸಾಲದಾಗಿ, ಬಹುಕಾಲ ಉಳಿಯುವ ತೆಳು ವಾತಾವರಣ ನಿಲ್ಲುತ್ತದೆಂದು ರಿಚರ್ಡ್ ವಾಂಡ್ರಾಕ್ 1974ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿದರು. ಉಸಿರಾಟಕ್ಕೆ ಅದು ಏನೇನೂ ಸಾಲದು. ಅಲ್ಲಿನ ಸಹಜ ನಿರ್ವಾತವನ್ನು ಕೆಡಿಸಲು ಮಾತ್ರ ಸಾಕು.

ಮಾಡುವುದು ಕಷ್ಟ, ಕೆಡಿಸುವುದು ಸುಲಭ

ಈ ವಿಚಿತ್ರ ಯೋಜನೆಗಳಿಂದ ನಾವು ಕಲಿಯಬೇಕಾದದ್ದು ಇದೇ. ಚಂದ್ರನನ್ನು ನಮಗೆ ಬೇಕಾದಂತೆ ಮಾಡಿಕೊಳ್ಳುವುದು ನಮ್ಮ ಶಕ್ತಿಗೆ ಮೀರಿದ್ದು. ಇರುವುದನ್ನು ಕೆಡಿಸುವುದು ನಮ್ಮ ಶಕ್ತಿಯೊಳಗೇ ಇದೆ. ದೊಡ್ಡ ಕನಸುಗಳನ್ನು ನೋಡಿ ನಗುತ್ತ ಕುಳಿತರೆ ಸಣ್ಣ ಬದಲಾವಣೆಗಳು ಕಣ್ಣಿಗೆ ಬೀಳುವುದಿಲ್ಲ.

2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಅತ್ಯಂತ ನಾಜೂಕಾಗಿ ಇಳಿಯಿತು. ಆದರೂ ಎಂಜಿನ್ನುಗಳ ರಭಸಕ್ಕೆ ಸುಮಾರು 2.06 ಟನ್ ಮೇಲ್ಮಣ್ಣು 108.4 ಚದರ ಮೀಟರ್ ಜಾಗದಲ್ಲಿ ಚದುರಿತೆಂದು ಇಸ್ರೋ ವಿಜ್ಞಾನಿಗಳು ಅಂದಾಜು ಮಾಡಿದರು. ಅದನ್ನು ಅಳೆದು ಪ್ರಕಟಿಸಿದ್ದು ಒಳ್ಳೆಯ ವಿಜ್ಞಾನದ ಲಕ್ಷಣ. ಚಂದ್ರನಲ್ಲಿ ಗಾಳಿ ಮಳೆಗಳಿಲ್ಲ, ಗುರುತನ್ನು ಬೇಗ ಅಳಿಸುವವರಿಲ್ಲ. ಧ್ರುವಗಳ ಬಳಿ ಎಂದೂ ಬಿಸಿಲು ಕಾಣದ ಕುಳಿಗಳಲ್ಲಿ ಬಹುಕಾಲದಿಂದ ಹೆಪ್ಪುಗಟ್ಟಿರುವ ನೀರು ಸೌರವ್ಯೂಹದ ಚರಿತ್ರೆಯ ಪುಟಗಳಿದ್ದಂತೆ. ಇಳಿಯುವ ನೌಕೆಗಳು ಉಗುಳುವ ನೀರಾವಿ ಕೂಡ ಅಲ್ಲಿಗೇ ಹೋಗಿ ಹೆಪ್ಪುಗಟ್ಟಬಹುದು. ಆಗ ಹಳೆಯ ಬರಹ ಯಾವುದು, ನಾವು ಗೀಚಿದ್ದು ಯಾವುದು ಎಂದು ಬೇರ್ಪಡಿಸುವುದು ಕಷ್ಟ.

ಆದ್ದರಿಂದ ಮುಂದಿನ ಸಲ ತರಗತಿಯಲ್ಲಿ ಈ ಪ್ರಶ್ನೆ ಬಂದಾಗ ತಳ್ಳಿಹಾಕುವುದು ಬೇಡ. ಕಪ್ಪು ಹಲಗೆಯ ಮೇಲೆ ನಾಲ್ಕು ಪ್ರಶ್ನೆ ಬರೆಯೋಣ: ಎಷ್ಟು ಶಕ್ತಿ ಬೇಕು? ಎಷ್ಟು ದ್ರವ್ಯ ಬೇಕು? ಎಷ್ಟು ಕಾಲ ಉಳಿಯುತ್ತದೆ? ತಪ್ಪಾದರೆ ಮೊದಲಿನಂತೆ ಮಾಡಲು ಸಾಧ್ಯವೇ? ಮೊದಲ ಮೂರಕ್ಕೆ ವಿದ್ಯಾರ್ಥಿಗಳೇ ಲೆಕ್ಕ ಮಾಡಿ ಉತ್ತರ ಹೇಳಬಲ್ಲರು. ನಾಲ್ಕನೆಯದನ್ನು ಅವರು ದೊಡ್ಡವರಾದ ಮೇಲೂ ಕೇಳುತ್ತಿರಬೇಕು. ಮುಂದಿನ ನೌಕೆಗಳನ್ನು ಕಳಿಸುವವರು ಅವರೇ.