ಬೇಟೆನಾಯಿಯ ಬಣ್ಣಕ್ಕೆ ಬೆಲೆ ಎಷ್ಟು?

ಬೀಗಲ್ ಮರಿ ಕೊಳ್ಳಲು ಹೊರಟವರ ಕಣ್ಣು ಮೊದಲು ಬೀಳುವುದು ಬಣ್ಣದ ಮೇಲೆ. ಕಪ್ಪು, ಕಂದು, ಬಿಳಿ ಮೂರೂ ಇರಬೇಕು, ಬೆನ್ನ ಮೇಲಿನ ಕಪ್ಪು ಜೀನು ಹೊದಿಸಿದಂತೆ ಕೂತಿರಬೇಕು, ಹಣೆಯ ಬಿಳಿ ಪಟ್ಟಿ ನೇರವಾಗಿ ಇಳಿದಿರಬೇಕು. ಮರಿಯ ಯೋಗ್ಯತೆ ಅಳೆಯಲು ಇದು ದುರ್ಬಲ ಮಾನದಂಡ. ಮೂರು ಬಣ್ಣದ ಬೀಗಲ್ ಹುಟ್ಟುವಾಗ ಹೆಚ್ಚುಕಡಿಮೆ ಕಪ್ಪು-ಬಿಳಿಯೇ. ವಾರಗಳು ಕಳೆದಂತೆ ತಲೆ, ಕಿವಿಗಳಲ್ಲಿ ಕಂದು ಮೂಡಿ, ಕಪ್ಪು ಬೆನ್ನಿನತ್ತ ಸರಿಯುತ್ತದೆ; ಕೆಲವು ಮರಿಗಳಲ್ಲಿ ಅಲ್ಲಿಯೂ ಮಾಸುತ್ತದೆ. ಬಿಳಿಯ ಗಡಿಯಂತೂ ಅರ್ಧ ಆಕಸ್ಮಿಕ. ಭ್ರೂಣದಲ್ಲಿ ಬಣ್ಣದ ಕೋಶಗಳು ಬೆನ್ನಿನ ಕಡೆಯಿಂದ ಹೊರಟು ಕೆಳಗೆ ಹರಡುತ್ತವೆ. ಎದೆ, ಪಾದ, ಬಾಲದ ತುದಿಗಳು ಅವಕ್ಕೆ ದೂರ. ಕೋಶ ತಲುಪದ ಜಾಗವೇ ಬಿಳಿ. ಒಂದೇ ಸೂಲಿನ ಮರಿಗಳಲ್ಲೂ ಮಚ್ಚೆಗಳು ಒಂದೇ ಥರ ಇರದಿರುವುದು ಇದರಿಂದಲೇ.

ಬಣ್ಣ ತಳಿಯ ಗುರುತಲ್ಲವೇ ಎಂದು ಕೇಳಬಹುದು. ಅಮೆರಿಕದ ಬ್ಲೂಟಿಕ್ ಕೂನ್‌ಹೌಂಡ್‌ಗೆ ಹೆಸರು ಬಂದದ್ದೇ ಮೈತುಂಬ ಚೆಲ್ಲಿದ ಕಪ್ಪು ಚುಕ್ಕೆಗಳಿಂದ, ನಿಜ. ಆದರೆ ಬೀಗಲ್‌ಗೆ ಹಲವು ಬಣ್ಣಗಳನ್ನು ಒಪ್ಪುವ ಬ್ರಿಟನ್ನಿನ ಕೆನಲ್ ಕ್ಲಬ್ ಬಾಲದ ತುದಿ ಮಾತ್ರ ಬಿಳಿಯಾಗಿರಬೇಕು ಎನ್ನುತ್ತದೆ. ಅದಕ್ಕೊಂದು ಉಪಯೋಗವೂ ಉಂಟು: ನೆಲಕ್ಕೆ ಮೂಗು ಹಚ್ಚಿ ಪೊದೆಯೊಳಗೆ ನುಗ್ಗಿದ ನಾಯಿಯ ಜಾಡು ಬೇಟೆಗಾರನಿಗೆ ಸಿಗುವುದು ಎತ್ತಿದ ಬಾಲದಿಂದ. ಉಳಿದ ಮೈಬಣ್ಣ ಬೇಟೆಗೆ ಲೆಕ್ಕಕ್ಕಿಲ್ಲ; ನಮ್ಮ ಮುಧೋಳ ನಾಯಿಯನ್ನೇ ನೋಡಿ. ಕಣ್ಣಿನಿಂದ ಬೇಟೆ ಗುರುತಿಸಿ ಬೆನ್ನಟ್ಟುವ ಅದರ ಓಟ ನಿಂತಿರುವುದು ಆಳವಾದ ಎದೆ, ನೀಳ ಕಾಲುಗಳ ಮೇಲೆ. ಮೈ ಕಪ್ಪೋ ಕಂದೋ ಎಂಬುದರಿಂದ ವೇಗ ಹೆಚ್ಚದು, ತಗ್ಗದು.

ಹಾಗಾದರೆ ಬಣ್ಣವನ್ನು ಕಡೆಗಣಿಸಬಹುದೇ? ಅದೂ ತಪ್ಪು. ಡ್ಯಾಶಂಡ್ ತಳಿಯ ‘ಡ್ಯಾಪಲ್’ ಬಣ್ಣ, ಅಂದರೆ ಮಾಸಿದ ಬೂದಿಯ ನಡುವೆ ಹರಿದ ಕಪ್ಪು ಮಚ್ಚೆಗಳು, ಬಲು ಆಕರ್ಷಕ. ಇದಕ್ಕೆ ಮೂಲ ಪಿಎಂಇಎಲ್ ವಂಶವಾಹಿಯಲ್ಲಿನ ಒಂದು ಬದಲಾವಣೆ ಎಂದು 2006ರಲ್ಲಿ ಗೊತ್ತಾಯಿತು. ಅದು ತಂದೆ ತಾಯಿ ಇಬ್ಬರಿಂದಲೂ ಬಂದರೆ ಮರಿಗೆ ಬಿಳಿ ಹೆಚ್ಚುತ್ತದೆ. ಕಿವುಡು, ಕಣ್ಣಿನ ದೋಷಗಳ ಅಪಾಯವೂ ಏರುತ್ತದೆ. ಒಳಗಿವಿ ಕೆಲಸ ಮಾಡಲು ಬಣ್ಣದ ಕೋಶಗಳು ಬೇಕು, ಅವು ಇಲ್ಲದಿದ್ದರೆ ಹುಟ್ಟಿದ ಕೆಲವೇ ವಾರಗಳಲ್ಲಿ ಶ್ರವಣಶಕ್ತಿ ಹೋಗಬಹುದು. ಎಲ್ಲ ಬಿಳಿ ನಾಯಿಯೂ ಕಿವುಡಲ್ಲ, ಆ ಬದಲಾವಣೆಯ ಒಂದೇ ಪ್ರತಿ ಪಡೆದ ಡ್ಯಾಪಲ್ ಬಹುತೇಕ ಆರೋಗ್ಯವಾಗಿಯೇ ಇರುತ್ತದೆ. ಆದ್ದರಿಂದ ಡ್ಯಾಪಲ್ ಮರಿ ಕೊಳ್ಳುವವರು ಅಪ್ಪ ಅಮ್ಮ ಎರಡನ್ನೂ ತೋರಿಸಿ ಎನ್ನಬೇಕು. ಡ್ಯಾಪಲ್ ಕೆಲವೊಮ್ಮೆ ಮೈಮೇಲೆ ಕಾಣದಂತೆಯೂ ಅಡಗಿರುವುದರಿಂದ ವಂಶವಾಹಿ ಪರೀಕ್ಷೆಯ ವರದಿಯನ್ನೂ ಕೇಳಬೇಕು. ಎರಡೂ ಡ್ಯಾಪಲ್ ಆಗಿದ್ದರೆ, ಅಪರೂಪದ ಬಣ್ಣವೆಂದು ಎಷ್ಟೇ ಹೊಗಳಿದರೂ, ಆ ವ್ಯಾಪಾರ ಬೇಡ.