ಮೀನುಮರಿಗಳ ಔಷಧಸ್ನಾನ: ಒಂದು ವಿಮರ್ಶೆ

ಮೀನುಸಾಕಣೆಯ ಕೈಪಿಡಿಗಳಲ್ಲಿ ಪರೋಪಜೀವಿನಾಶಕ ದ್ರವ್ಯಗಳನ್ನು ಕುರಿತ ಪ್ರಕರಣಗಳು ಬಹುಮಟ್ಟಿಗೆ ಸೂತ್ರರೂಪದಲ್ಲಿರುತ್ತವೆ: ಇಂತಹ ರೋಗಕ್ಕೆ ಇಂತಹ ದ್ರವ್ಯ, ಇಷ್ಟು ಪ್ರಮಾಣ, ಇಷ್ಟು ಹೊತ್ತು. ಸೂತ್ರಕ್ಕೆ ಸಂಕ್ಷೇಪವು ಗುಣವೇ ಸರಿ. ಆದರೆ ಅರ್ಥವನ್ನು ನಿರ್ಣಯಿಸತಕ್ಕ ಉಪಾಧಿಗಳನ್ನೇ ಕೈಬಿಟ್ಟ ಸಂಕ್ಷೇಪವು ದೋಷವೆನಿಸುವುದು. ಇಲ್ಲಿ ಆ ದೋಷದ ಫಲವನ್ನುಣ್ಣುವವು ಮೂಕಜೀವಿಗಳಾದ ಮರಿಗಳು.

ಬಿಳಿಚುಕ್ಕೆ ರೋಗವನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಇದಕ್ಕೆ ಕಾರಣವಾದ ಏಕಕೋಶಜೀವಿಯನ್ನು 1876ರಲ್ಲಿ ಫೂಕೆ ಎಂಬ ವಿದ್ವಾಂಸನು ವರ್ಣಿಸಿದನು. ಅದು ಮೊದಲು ಮೀನಿನ ಚರ್ಮ ಮತ್ತು ಕಿವಿರುಗಳ ಹೊರಪದರದೊಳಗೆ ಬೆಳೆಯುತ್ತದೆ. ಬಳಿಕ ಹೊರಬಿದ್ದು, ಕವಚದೊಳಗೆ ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಮರಿಗಳು ನೀರಿನಲ್ಲಿ ಈಸುತ್ತ ಹೊಸ ಆಶ್ರಯವನ್ನು ಅರಸುತ್ತವೆ. ಔಷಧಕ್ಕೆ ಮುಖ್ಯವಾಗಿ ಸಿಕ್ಕುವುದು ಈ ಕಡೆಯ ಅವಸ್ಥೆಯೊಂದೇ. ಆದುದರಿಂದ ಸ್ನಾನವನ್ನು ಪುನಃ ಪುನಃ ಮಾಡಿಸಬೇಕಾಗುವುದು. ಪರೋಪಜೀವಿಗೆ ಅಡಗಲು ಎಡೆಯುಂಟು. ಮೀನಾದರೋ ಪ್ರತಿಯೊಂದು ಸ್ನಾನವನ್ನೂ ಸಹಿಸಲೇಬೇಕು. ಮೇಲಾಗಿ, ರೋಗವು ಗಾಸಿಮಾಡಿದ ಕಿವಿರನ್ನೇ ಔಷಧವೂ ಕೆರಳಿಸುತ್ತದೆ.

ಫಾರ್ಮಲಿನ್ನಿನ ಪ್ರಮಾಣವನ್ನು ನೋಡೋಣ. ಅಮೆರಿಕದಲ್ಲಿ ಅನುಮೋದಿತವಾದ ವಿಧಿಯಂತೆ ಸಾಲ್ಮನ್ ಮತ್ತು ಟ್ರೌಟ್ ಮೀನುಗಳ ತೊಟ್ಟಿಗೆ, ಒಂದು ಗಂಟೆಯ ಮಿತಿಯೊಳಗೆ, ನೀರಿನ ಉಷ್ಣತೆಯು 10 ಡಿಗ್ರಿ ಸೆಂಟಿಗ್ರೇಡಿಗಿಂತ ಕಡಮೆಯಿದ್ದರೆ ಹತ್ತು ಲಕ್ಷಕ್ಕೆ 250 ಭಾಗದವರೆಗೂ, ಹೆಚ್ಚಿದ್ದರೆ 170 ಭಾಗದವರೆಗೂ ಬಳಸಬಹುದು. ಕಾರಣ ಸ್ಪಷ್ಟವಾಗಿದೆ: ನೀರು ಬೆಚ್ಚಗಾದಂತೆ ಮೀನಿಗೆ ಬೇಕಾದ ಆಮ್ಲಜನಕವು ಹೆಚ್ಚುತ್ತದೆ, ನೀರಿನಲ್ಲಿ ಕರಗಿರುವುದು ಕುಗ್ಗುತ್ತದೆ, ದ್ರವ್ಯದ ತೀಕ್ಷ್ಣತೆಯೂ ಏರುತ್ತದೆ. ಕೊಳಗಳಲ್ಲಂತೂ ಪ್ರತಿ 5 ಮಿಲಿಗ್ರಾಂ ಫಾರ್ಮಲಿನ್ ಸುಮಾರು 1 ಮಿಲಿಗ್ರಾಂ ಆಮ್ಲಜನಕವನ್ನು ನೀರಿನಿಂದ ಕಳೆಯುವುದೆಂಬ ಲೆಕ್ಕವಿದೆ. ಹೀಗಿರಲು, ಉಷ್ಣತೆಯನ್ನು ಹೇಳದೆ ಪ್ರಮಾಣವನ್ನು ಮಾತ್ರ ಹೇಳುವ ವಾಕ್ಯವು ಅಪೂರ್ಣವೇ ಅಲ್ಲ, ಅಪಾಯಕರವೂ ಹೌದು.

ಔಷಧವಿಲ್ಲದಿದ್ದರೆ ಮರಿಗಳು ಗುಂಪುಗುಂಪಾಗಿ ಸಾಯುವುವಲ್ಲವೆ ಎಂದು ಆಕ್ಷೇಪಿಸಬಹುದು. ಅದು ನಿಜ, ಔಷಧವು ಬೇಡವೆಂಬುದು ನಮ್ಮ ವಾದವಲ್ಲ. ರೋಗಾಣುವಿನ ನಾಶವೂ ಮೀನಿನ ಆರೋಗ್ಯವೂ ಎರಡು ಬೇರೆ ಸಂಗತಿಗಳು. ಒಂದನ್ನು ಸಾಧಿಸಿದ ಮಾತ್ರಕ್ಕೆ ಇನ್ನೊಂದು ಸಿದ್ಧಿಸಿತೆನ್ನಲಾಗದು. ಮ್ಯಾಲಕೈಟ್ ಗ್ರೀನ್ ಎಂಬ ಬಣ್ಣದ ಚರಿತ್ರೆಯೇ ಇದಕ್ಕೆ ಸಾಕ್ಷಿ. 1930ರ ದಶಕದಿಂದ ಅದರ ಪರಿಣಾಮಕಾರಿತ್ವವನ್ನು ಎಲ್ಲರೂ ಕೊಂಡಾಡಿದರು. ಅದರ ಶೇಷವು ಮಾಂಸದಲ್ಲಿ ಬಹುಕಾಲ ನಿಲ್ಲುವುದೆಂದು ತಿಳಿದಮೇಲೆ, ತಿನ್ನುವ ಮೀನುಗಳಿಗೆ ಅದನ್ನು ಹಲವು ದೇಶಗಳು ನಿಷೇಧಿಸಿದವು.

ಆದಕಾರಣ ಉಷ್ಣತೆ, ಆಮ್ಲಜನಕ, ಮರಿಯ ಗಾತ್ರ, ಕಿವಿರಿನ ಸ್ಥಿತಿ ಇವನ್ನು ಪ್ರಮಾಣದೊಡನೆಯೇ ಹೇಳತಕ್ಕದ್ದು; ಮೊದಲು ಕೆಲವೇ ಮರಿಗಳಲ್ಲಿ ಪರೀಕ್ಷಿಸತಕ್ಕದ್ದೆಂದೂ ವಿಧಿಸತಕ್ಕದ್ದು. ಬದುಕಿ ಉಳಿದವುಗಳ ಸಂಖ್ಯೆಯನ್ನಷ್ಟೇ ಅಲ್ಲದೆ, ಅವು ಮುಂದೆ ಮೇವು ತಿಂದು ಬೆಳೆದ ಬಗೆಯನ್ನೂ ದಾಖಲಿಸುವ ಗ್ರಂಥವೇ ಈ ಶಾಸ್ತ್ರದಲ್ಲಿ ಪ್ರಮಾಣವಾಗಬಲ್ಲದು.